‘ಯಾವ ಸಾಲು?’ ಎಂದು ಕೇಳಿ: ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಕಾಂಪ್ರಹೆನ್ಷನ್‌ಗೆ ತಯಾರಿ

ಶಾಲಾ ಪ್ರವೇಶ ಪರೀಕ್ಷೆಯ ಇಂಗ್ಲಿಷ್ ಕಾಂಪ್ರಹೆನ್ಷನ್‌ಗೆ ತಯಾರಿ ಅಂದರೆ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಪ್ಯಾಸೇಜ್‌ಗಳಿರುವ ದಪ್ಪ ಪುಸ್ತಕ ತಂದು ದಿನಕ್ಕೊಂದರಂತೆ ಮಾಡಿಸುವುದು. ಮಗು ಓದುತ್ತದೆ, ಟಿಕ್ ಹಾಕುತ್ತದೆ, ಕೊನೆಯ ಪುಟ ತೆರೆದು ಉತ್ತರ ತಾಳೆ ನೋಡುತ್ತದೆ. ಹತ್ತಕ್ಕೆ ಆರು. ಪುಸ್ತಕ ಮುಗಿಯುವ ಹೊತ್ತಿಗೂ ಹತ್ತಕ್ಕೆ ಆರೇ. ಆಮೇಲೆ ‘ಇವನಿಗೆ ಇಂಗ್ಲಿಷೇ ಬರಲ್ಲ’ ಎಂಬ ತೀರ್ಪು.

ಈ ತೀರ್ಪು ಅರ್ಧ ಮಾತ್ರ ನಿಜ. ಹೋದ ಅಂಕಗಳಲ್ಲಿ ಸಾಕಷ್ಟು ಇಂಗ್ಲಿಷ್ ಬಾರದೆ ಹೋದದ್ದಲ್ಲ, ಪ್ಯಾಸೇಜ್‌ಗೆ ವಾಪಸ್ ಹೋಗಿ ನೋಡದೆ ಹೋದದ್ದು. ಒಮ್ಮೆ ಓದಿ, ನೆನಪಿನಲ್ಲಿ ಉಳಿದದ್ದರ ಮೇಲೆ ಅಂದಾಜಿಗೆ ಟಿಕ್ ಹೊಡೆಯುವುದು ಮಕ್ಕಳ ಅಭ್ಯಾಸ. ಅದನ್ನು ಬಿಡಿಸುವುದೇ ತಯಾರಿಯ ಮುಕ್ಕಾಲು ಪಾಲು ಎಂದು ನನ್ನ ಲೆಕ್ಕ. ಉಳಿದದ್ದನ್ನೂ ಹೇಳುತ್ತೇನೆ, ಒಂದೊಂದಾಗಿ.

ಹಂತ 1: ತೊಂದರೆ ಎಲ್ಲಿದೆ ಎಂದು ಮೊದಲು ನೋಡಿ

1986ರಲ್ಲಿ ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದಿ ಅರ್ಥ ಮಾಡಿಕೊಳ್ಳುವುದಕ್ಕೆ ಒಂದು ಸರಳ ಸೂತ್ರ ಕೊಟ್ಟರು. ಅಕ್ಷರ ನೋಡಿ ಪದವನ್ನು ಗುರುತಿಸುವ ಶಕ್ತಿ ಒಂದು. ಆ ಭಾಷೆಯನ್ನು ಕೇಳಿದರೆ ಅರ್ಥವಾಗುವ ಶಕ್ತಿ ಇನ್ನೊಂದು. ಓದಿನ ಗ್ರಹಿಕೆ ಈ ಎರಡರ ಗುಣಲಬ್ಧ. ಕೂಡಿಸಿದ ಮೊತ್ತವಲ್ಲ, ಗಮನಿಸಿ. ಒಂದು ಸೊನ್ನೆಯಾದರೆ ಇನ್ನೊಂದು ಎಷ್ಟಿದ್ದರೂ ಒಟ್ಟು ಸೊನ್ನೆಯೇ.

ಮನೆಯಲ್ಲೇ ಇದನ್ನು ಪರೀಕ್ಷಿಸಬಹುದು. ಒಂದೇ ಮಟ್ಟದ ಎರಡು ಪ್ಯಾಸೇಜ್ ತೆಗೆದುಕೊಳ್ಳಿ. ಮೊದಲನೆಯದನ್ನು ಮಗುವೇ ಓದಿ ಪ್ರಶ್ನೆಗಳಿಗೆ ಉತ್ತರಿಸಲಿ. ಎರಡನೆಯದನ್ನು ನೀವು ನಿಧಾನವಾಗಿ ಓದಿ ಹೇಳಿ, ಪ್ರಶ್ನೆಗಳನ್ನೂ ಬಾಯಲ್ಲೇ ಕೇಳಿ. ಕೇಳಿಸಿಕೊಂಡಾಗ ಚೆನ್ನಾಗಿ ಉತ್ತರಿಸಿ, ತಾನೇ ಓದಿದಾಗ ತಡವರಿಸಿದರೆ, ಮಗುವಿಗೆ ಭಾಷೆ ಬರುತ್ತದೆ, ಓದುವ ವೇಗ ಸಾಲದು. ಅಂಥ ಮಗುವಿಗೆ ದಿನಾ ಹತ್ತು ನಿಮಿಷ ಗಟ್ಟಿಯಾಗಿ ಓದಿಸಿ. ಅದೇ ಪುಟವನ್ನು ಎರಡು ಮೂರು ಸಲ ಓದಿದರೂ ಪರವಾಗಿಲ್ಲ, ಅದೇ ಬೇಕಾದದ್ದು. ಕೇಳಿದರೂ ಅರ್ಥವಾಗದಿದ್ದರೆ ಕೊರತೆ ಇರುವುದು ಪದಗಳಲ್ಲಿ, ವಾಕ್ಯಗಳಲ್ಲಿ. ಅಲ್ಲಿ ಪ್ಯಾಸೇಜ್ ಮೇಲೆ ಪ್ಯಾಸೇಜ್ ಸುರಿದರೆ ಲಾಭವಿಲ್ಲ. ಸುಲಭದ ಕಥೆ ಪುಸ್ತಕಗಳಿಗೆ ಇಳಿಯಬೇಕು.

ಎರಡೂ ಸರಿಯಿದ್ದು ಅಂಕ ಮಾತ್ರ ಬರುತ್ತಿಲ್ಲ ಎಂದರೆ ನೇರ ನಾಲ್ಕನೇ ಹಂತಕ್ಕೆ ಹೋಗಿ.

ಹಂತ 2: ಪ್ಯಾಸೇಜ್ ಆರಿಸುವುದು

ಯಾರ ಸಹಾಯವೂ ಇಲ್ಲದೆ ಓದಿ ಚೆನ್ನಾಗಿ ಅರ್ಥ ಮಾಡಿಕೊಳ್ಳಬೇಕಾದರೆ ಪುಟದಲ್ಲಿರುವ ಪದಗಳಲ್ಲಿ ಸುಮಾರು ಶೇ 98ರಷ್ಟು ಗೊತ್ತಿರಬೇಕು ಎಂಬುದು ಮಾರ್ಸೆಲ್ಲಾ ಹು ಮತ್ತು ಪಾಲ್ ನೇಷನ್ 2000ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು. ಅಂದರೆ ನೂರು ಪದಕ್ಕೆ ಎರಡು ಹೊಸ ಪದ. ಕೇಳಲು ಸಣ್ಣ ಸಂಖ್ಯೆ. ಆದರೆ ಮಗುವಿನ ಕೈಗೆ ಪೆನ್ಸಿಲ್ ಕೊಟ್ಟು ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆಯಲು ಹೇಳಿ ನೋಡಿ, ನಾವು ಕೊಡುತ್ತಿರುವುದು ಎಷ್ಟು ಕಷ್ಟದ್ದು ಎಂದು ತಿಳಿಯುತ್ತದೆ.

ಸುಮ್ನೆ ಖುಷಿಗೆ ಓದುವ ಪುಸ್ತಕ ಈ ಲೆಕ್ಕದೊಳಗೇ ಇರಲಿ. ಪರೀಕ್ಷೆಯ ಅಭ್ಯಾಸಕ್ಕೆ ಮಾತ್ರ ಸ್ವಲ್ಪ ಕಷ್ಟದ್ದಿರಲಿ, ನೂರಕ್ಕೆ ನಾಲ್ಕೈದು ಹೊಸ ಪದಗಳಿದ್ದರೂ ನಡೆಯುತ್ತದೆ. ಪರೀಕ್ಷೆಯಲ್ಲೂ ಗೊತ್ತಿಲ್ಲದ ಪದ ಬಂದೇ ಬರುತ್ತದಲ್ಲ. ಕಥೆ, ವಿಜ್ಞಾನ, ಜೀವನಚರಿತ್ರೆ, ಪದ್ಯ, ನೋಟಿಸು ಎಲ್ಲವನ್ನೂ ಸೇರಿಸಿ. ಮಕ್ಕಳು ತಾವಾಗಿ ಆರಿಸಿಕೊಳ್ಳುವುದು ಕಥೆಯನ್ನು. ಕೈಕೊಡುವುದು ಉಳಿದವು. ಮಗು ಬರೆಯುವ ಪರೀಕ್ಷೆಯ ಹಳೆಯ ಪ್ರಶ್ನೆಪತ್ರಿಕೆ ಸಿಕ್ಕರೆ ಅದನ್ನು ಮೊದಲೇ ಖರ್ಚು ಮಾಡಬೇಡಿ. ಒಂದನ್ನು ಈಗ ನೋಡಿ, ಉಳಿದದ್ದನ್ನು ಕೊನೆಯ ವಾರಗಳಿಗೆ ಎತ್ತಿಡಿ.

ಹಂತ 3: ಮೊದಲ ಓದು

ಪ್ರಶ್ನೆ ಮೊದಲು ಓದಬೇಕೋ, ಪ್ಯಾಸೇಜ್ ಮೊದಲೋ? ಈ ಜಗಳ ಮುಗಿಯುವಂಥದ್ದಲ್ಲ. ನನ್ನ ಮತ ಪ್ಯಾಸೇಜ್‌ಗೆ. ಪ್ರಶ್ನೆ ಮೊದಲು ಓದಿದ ಚಿಕ್ಕ ಮಕ್ಕಳು ಆಮೇಲೆ ಓದುವುದೇ ಇಲ್ಲ, ಪ್ರಶ್ನೆಯಲ್ಲಿದ್ದ ಪದವನ್ನು ಹುಡುಕುತ್ತಾ ಹೋಗುತ್ತಾರೆ. ಪದ ಸಿಗುತ್ತದೆ, ವಿಷಯ ತಲೆಗೆ ಹತ್ತುವುದಿಲ್ಲ. ವೇಳಾಪಟ್ಟಿ, ಜಾಹೀರಾತು, ನೋಟಿಸಿನಂಥವಕ್ಕೆ ಮಾತ್ರ ಪ್ರಶ್ನೆ ಮೊದಲು ನೋಡುವುದೇ ಜಾಣತನ.

ಒಂದೊಂದು ಪ್ಯಾರಾ ಮುಗಿದ ಮೇಲೆ ನಿಲ್ಲಿಸಿ, ಏನಾಯಿತು ಎಂದು ಒಂದು ವಾಕ್ಯದಲ್ಲಿ ಹೇಳಲಿ. ಕನ್ನಡದಲ್ಲೇ ಹೇಳಲಿ. ಇಂಗ್ಲಿಷ್‌ನಲ್ಲೇ ಹೇಳಬೇಕು ಎಂದು ಹಟ ಹಿಡಿದರೆ ಮಗು ಪ್ಯಾಸೇಜ್‌ನ ವಾಕ್ಯವನ್ನೇ ಗಿಣಿಪಾಠ ಒಪ್ಪಿಸುತ್ತದೆ, ಅರ್ಥವಾಗಿದೆಯೋ ಇಲ್ಲವೋ ನಮಗೆ ಗೊತ್ತಾಗುವುದಿಲ್ಲ. ಸ್ವಂತ ಮಾತಿನಲ್ಲಿ ಹೇಳುವಾಗ ಸಿಕ್ಕಿಬೀಳುತ್ತದೆ.

ಕನ್ನಡದ ಮಕ್ಕಳು ಖಾಯಂ ಎಡವುವ ಜಾಗ ಒಂದಿದೆ. ‘ಮಾವ ಕೂರಿಸಿದ್ದ ಕಿಟಕಿಯನ್ನು ಒಡೆದ ಹುಡುಗ ಓಡಿಹೋದ’ ಎನ್ನುವಾಗ ನಮ್ಮಲ್ಲಿ ವಿವರವೆಲ್ಲ ಮುಂದೆ ಬಂದು, ‘ಹುಡುಗ ಓಡಿಹೋದ’ ಎಂಬುದು ಕೊನೆಯಲ್ಲಿ ಒಟ್ಟಿಗೆ ನಿಲ್ಲುತ್ತದೆ. ಇಂಗ್ಲಿಷ್‌ನಲ್ಲಿ ಹುಡುಗ ಮೊದಲೇ ಬರುತ್ತಾನೆ, ಮಧ್ಯದಲ್ಲಿ ‘ಹೂ’, ‘ದಟ್’ ಎಂದು ಕಿಟಕಿಯೂ ಮಾವನೂ ನುಗ್ಗುತ್ತಾರೆ, ‘ರ್‍ಯಾನ್ ಅವೇ’ ಎಂಬುದು ವಾಕ್ಯದ ತುದಿಯಲ್ಲಿ ಸಿಗುತ್ತದೆ. ಓಡಿದ್ದು ಯಾರು ಎಂದು ಕೇಳಿದರೆ ಎಷ್ಟೋ ಮಕ್ಕಳು ಮಾವ ಎನ್ನುತ್ತಾರೆ. ಹತ್ತಿರ ಇರುವುದು ಅವನೇ ತಾನೇ! ಉದ್ದದ ವಾಕ್ಯ ಬಂದಾಗಲೆಲ್ಲ ಎರಡೇ ಪ್ರಶ್ನೆ ಕೇಳಿಸಿ: ಯಾರು? ಏನು ಮಾಡಿದರು? ಆ ಎರಡಕ್ಕೆ ಗೆರೆ ಎಳೆದರೆ ನಡುವಿನದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಅರ್ಥ ತಿರುಗಿಸುವ ಚಿಕ್ಕ ಪದಗಳ ಮೇಲೂ ಕಣ್ಣಿರಲಿ. ‘ಆಲ್ದೋ’, ‘ಹೌಎವರ್’, ‘ಅನ್‌ಲೆಸ್’, ‘ಹಾರ್ಡ್ಲಿ’. ಕಷ್ಟದ ಪದಗಳನ್ನು ಡಿಕ್ಷನರಿಯಲ್ಲಿ ನೋಡುವ ಮಕ್ಕಳು ಇವನ್ನು ಗೊತ್ತು ಎಂದುಕೊಂಡು ದಾಟಿಬಿಡುತ್ತಾರೆ.

ಹಂತ 4: ಸಾಕ್ಷಿ ಸಾಲು

ಇದೇ ಮುಖ್ಯ. ಒಂದು ಪುಟ್ಟ ಪ್ಯಾಸೇಜ್ ತೆಗೆದುಕೊಳ್ಳೋಣ. ಪರೀಕ್ಷೆಯಲ್ಲಿ ಇಂಗ್ಲಿಷ್‌ನಲ್ಲಿರುತ್ತದೆ, ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ. ವಿಧಾನ ಅದೇ.

‘ಮುದುಕನ ಅಂಗಡಿಯ ತುಂಬ ಗಡಿಯಾರಗಳು. ಯಾವ ಎರಡೂ ಒಂದೇ ಸಮಯ ತೋರಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಒಬ್ಬ ಹುಡುಗ ಕರವಸ್ತ್ರದಲ್ಲಿ ಸುತ್ತಿದ್ದ ವಾಚೊಂದನ್ನು ತಂದ. ಮುದುಕ ನಗುತ್ತಲೇ ಅದನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ಹಿಂಬದಿಯನ್ನು ನೋಡಿದ. ಹತ್ತಿರದ ಸ್ಟೂಲ್ ಎಳೆದು ಕುಳಿತ. ಸ್ವಲ್ಪ ಹೊತ್ತಿನ ಮೇಲೆ, ಇದು ನಿನಗೆ ಎಲ್ಲಿ ಸಿಕ್ಕಿತು ಎಂದು ಕೇಳಿದ.’

ಪ್ರಶ್ನೆ: ಮುದುಕ ಯಾಕೆ ಕುಳಿತ? ಆಪ್ಷನ್‌ಗಳು: ವಯಸ್ಸಾಗಿ ಕಾಲು ನೋಯುತ್ತಿತ್ತು. ರಿಪೇರಿಗೆ ಜಾಸ್ತಿ ಹೊತ್ತು ಬೇಕಿತ್ತು. ವಾಚಿನ ಹಿಂಬದಿಯಲ್ಲಿ ಕಂಡದ್ದು ಅವನನ್ನು ಅಲುಗಾಡಿಸಿತು. ಹುಡುಗ ವಾಚು ಕದ್ದಿದ್ದಾನೆಂದು ಅವನಿಗೆ ಖಾತ್ರಿಯಾಯಿತು.

ಈಗ ಒಂದೊಂದಕ್ಕೂ ‘ಯಾವ ಸಾಲು?’ ಎಂದು ಕೇಳಿ. ಕಾಲುನೋವಿಗೆ ಸಾಲಿಲ್ಲ. ಮುದುಕರಿಗೆ ಕಾಲು ನೋಯುವುದು ಲೋಕಕ್ಕೆ ಗೊತ್ತಿರುವ ವಿಷಯ, ಪ್ಯಾಸೇಜ್‌ಗೆ ಗೊತ್ತಿಲ್ಲ. ರಿಪೇರಿಗೂ ಸಾಲಿಲ್ಲ, ವಾಚು ಕೆಟ್ಟಿದೆ ಎಂದೇ ಯಾರೂ ಹೇಳಿಲ್ಲ. ಕಳ್ಳತನದ ಆಪ್ಷನ್ ಸ್ವಲ್ಪ ನಾಜೂಕಿನದು. ‘ಎಲ್ಲಿ ಸಿಕ್ಕಿತು’ ಎಂಬ ಮಾತು ಅನುಮಾನದಂತೆ ಕೇಳಿಸಬಹುದು. ಆದರೆ ‘ಖಾತ್ರಿ’ ಎಂಬುದಕ್ಕೆ ಆಧಾರ ಎಲ್ಲಿದೆ? ಖಾತ್ರಿಯಾದವನು ಕೇಳುತ್ತಿರಲಿಲ್ಲ ಅಲ್ವಾ? ಮೂರನೆಯದಕ್ಕೆ ಮಾತ್ರ ಮೂರು ಸಾಲು ಸಾಕ್ಷಿ ಹೇಳುತ್ತವೆ. ಮೊದಲು ನಗುತ್ತಿದ್ದ. ಹಿಂಬದಿ ನೋಡಿದ ಮೇಲೆಯೇ ಕುಳಿತ. ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ.

ಹಿಂಬದಿಯಲ್ಲಿ ಏನಿತ್ತು ಎಂದು ಪ್ಯಾಸೇಜ್ ಎಲ್ಲೂ ಹೇಳುವುದಿಲ್ಲ. ಆದರೂ ಉತ್ತರ ಪ್ಯಾಸೇಜ್‌ನಲ್ಲೇ ಇದೆ. ಊಹೆಯ ಪ್ರಶ್ನೆ ಎಂದರೆ ಮನಸ್ಸಿಗೆ ಬಂದದ್ದು ಹೇಳುವುದು ಎಂದು ಮಕ್ಕಳು ತಿಳಿದಿರುತ್ತಾರೆ. ಅಲ್ಲ. ಸಾಲುಗಳು ಎಲ್ಲಿಯವರೆಗೆ ಕರೆದೊಯ್ಯುತ್ತವೋ ಅಲ್ಲಿಯವರೆಗೆ ಮಾತ್ರ ಹೋಗುವುದು.

ಅಭ್ಯಾಸದಲ್ಲಿ ಪ್ರತಿ ಉತ್ತರದ ಪಕ್ಕ ಸಾಲಿನ ಸಂಖ್ಯೆ ಬರೆಸಿ. ಸರಿ ಉತ್ತರಕ್ಕೆ ಅರ್ಧ ಅಂಕ, ಸರಿ ಸಾಲಿಗೆ ಇನ್ನರ್ಧ. ಅಂದಾಜಿಗೆ ಸರಿಯಾದ ಉತ್ತರಕ್ಕೆ ಪೂರ್ತಿ ಅಂಕ ಬೇಡ. ಮಗು ಮೊದಲು ಗೊಣಗುತ್ತದೆ, ಗೊಣಗಲಿ.

ಪದದ ಅರ್ಥ ಕೇಳುವ ಪ್ರಶ್ನೆಗೂ ಇದೇ ಮದ್ದು. ಆರಿಸಿದ ಆಪ್ಷನ್ನನ್ನು ಆ ವಾಕ್ಯದಲ್ಲೇ ಇಟ್ಟು ಪೂರ್ತಿ ಓದಬೇಕು. ಗಡಿಯಾರದ ‘ಹ್ಯಾಂಡ್ಸ್’ ಎಂದಾಗ ಕೈ ಎಂಬ ಅರ್ಥ ಹಾಕಿದರೆ ವಾಕ್ಯವೇ ನಗಿಸುತ್ತದೆ. ‘ಇಟ್’, ‘ದೇ’, ‘ದಿಸ್’ ಯಾರನ್ನು, ಯಾವುದನ್ನು ಹೇಳುತ್ತವೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ಹಿಂದಿನ ಒಂದೆರಡು ವಾಕ್ಯ ನೋಡಿದರೆ ಸಾಕು.

ಹಂತ 5: ತಪ್ಪು ಆಪ್ಷನ್‌ಗಳ ಗುರುತು ಹಿಡಿಯುವುದು

ತಪ್ಪು ಆಪ್ಷನ್‌ಗಳನ್ನು ಯಾರೋ ಕೂತು, ಯೋಚಿಸಿ, ಮಕ್ಕಳು ಬೀಳಲಿ ಎಂದೇ ಬರೆದಿರುತ್ತಾರೆ. ಅವುಗಳಲ್ಲಿ ಕೆಲವು ಜಾತಿ. ಲೋಕದಲ್ಲಿ ನಿಜ, ಪ್ಯಾಸೇಜ್‌ನಲ್ಲಿ ಇಲ್ಲ. ಕಾಲುನೋವು ಈ ಜಾತಿಯದು. ಪ್ಯಾಸೇಜ್‌ನ ಪದಗಳನ್ನೇ ಎತ್ತಿ ಅರ್ಥ ತಿರುಚಿದ್ದು ಇನ್ನೊಂದು, ಕಂಡ ಪದ ಕಂಡ ಕೂಡಲೇ ಟಿಕ್ ಹೊಡೆಯುವವರಿಗೆ ಇದು ಬಲೆ. ಅರ್ಧ ಸರಿ, ಅರ್ಧ ತಪ್ಪು ಇರುವುದೂ ಉಂಟು. ‘ಆಲ್‌ವೇಸ್’, ‘ನೆವರ್’, ‘ಓನ್ಲಿ’, ‘ಆಲ್’ ಸೇರಿಸಿ ಮಾತನ್ನು ಮಿತಿಮೀರಿ ಬಿಗಿ ಮಾಡಿದ್ದೂ ಉಂಟು. ಈ ಪದಗಳಿದ್ದರೆ ತಪ್ಪೇ ಎಂದು ಬಾಯಿಪಾಠ ಮಾಡಿಸಬೇಡಿ. ಪ್ಯಾಸೇಜ್ ಕೂಡ ಅಷ್ಟೇ ಬಿಗಿಯಾಗಿ ಹೇಳಿದೆಯೇ ಎಂದು ನೋಡಿದರೆ ಸಾಕು.

ಪ್ರಶ್ನೆಯಲ್ಲೇ ‘ನಾಟ್’ ಅಥವಾ ‘ಎಕ್ಸೆಪ್ಟ್’ ಇದ್ದರೆ ಅದಕ್ಕೆ ಸುತ್ತು ಹಾಕುವ ಅಭ್ಯಾಸ ಮಾಡಿಸಿ.

ಒಂದು ಒಳ್ಳೆಯ ಆಟವಿದೆ. ವಾರಕ್ಕೊಮ್ಮೆ ಪ್ಯಾಸೇಜ್ ಮಾತ್ರ ಕೊಟ್ಟು, ಪ್ರಶ್ನೆ ಮತ್ತು ನಾಲ್ಕು ಆಪ್ಷನ್‌ಗಳನ್ನು ಮಗುವೇ ಬರೆಯಲಿ. ನೀವು ಉತ್ತರಿಸಿ. ನಿಮ್ಮನ್ನು ಬೀಳಿಸುವ ಆಪ್ಷನ್ ಬರೆಯಲು ಕಲಿತ ಮಗು, ಬೇರೆಯವರು ಬರೆದ ಅಂಥದ್ದನ್ನು ದೂರದಿಂದಲೇ ಗುರುತಿಸುತ್ತದೆ.

ಹಂತ 6: ತಪ್ಪುಗಳ ನೋಟ್‌ಬುಕ್

ಹೊಸ ಪ್ಯಾಸೇಜ್‌ಗಿಂತ ಹಳೆಯ ತಪ್ಪಿಗೆ ಬೆಲೆ ಜಾಸ್ತಿ. ತಪ್ಪಾದ ಪ್ರತಿ ಪ್ರಶ್ನೆಗೂ ಒಂದು ಸಾಲು ಬರೆಯಬೇಕು: ನಾನು ಆರಿಸಿದ್ದು ಏನು, ಸಾಕ್ಷಿ ಸಾಲು ಯಾವುದು, ಯಾಕೆ ತಪ್ಪಿತು. ‘ಸಿಲ್ಲಿ ಮಿಸ್ಟೇಕ್’ ಎಂದು ಬರೆಯಲು ಬಿಡಬೇಡಿ, ಅದು ಕಾರಣವಲ್ಲ. ಪದ ಗೊತ್ತಿರಲಿಲ್ಲ, ವಾಕ್ಯ ಬಿಡಿಸಲಾಗಲಿಲ್ಲ, ಪ್ರಶ್ನೆ ತಪ್ಪಾಗಿ ಓದಿದೆ, ವಾಪಸ್ ಹೋಗಿ ನೋಡಲಿಲ್ಲ, ಟೈಮ್ ಸಾಲಲಿಲ್ಲ. ಹೀಗೆ ನಿಖರವಾಗಿರಲಿ. ಮೂರು ನಾಲ್ಕು ವಾರ ಕಳೆದು ಎಣಿಸಿ ನೋಡಿದರೆ ಯಾವ ಕಾರಣ ಮತ್ತೆ ಮತ್ತೆ ಬಂದಿದೆ ಎಂದು ಕಾಣುತ್ತದೆ. ಮುಂದಿನ ವಾರದ ಅಭ್ಯಾಸ ಅದರದ್ದೇ.

ಹಂತ 7: ಗಡಿಯಾರ ಕೊನೆಗೆ

ಮೊದಲ ದಿನದಿಂದಲೇ ಸ್ಟಾಪ್‌ವಾಚ್ ಹಿಡಿದು ಕೂರಬೇಡಿ. ಅವಸರದಲ್ಲಿ ಮಗು ಕಲಿಯುವುದು ಅಂದಾಜಿನ ಟಿಕ್ಕನ್ನೇ. ಸಾಕ್ಷಿ ಸಾಲು ಹುಡುಕುವುದು ರೂಢಿಯಾದ ಮೇಲೆ ಟೈಮ್ ಇಡಿ. ಪತ್ರಿಕೆಯ ಒಟ್ಟು ನಿಮಿಷಗಳನ್ನು ಅಂಕಗಳಿಗೆ ಹಂಚಿದರೆ ಈ ಭಾಗಕ್ಕೆ ಎಷ್ಟು ಸಿಗುತ್ತದೆ ಎಂಬ ಲೆಕ್ಕ ಬರುತ್ತದೆ. ಮೊದಲು ಅದರ ಒಂದೂವರೆ ಪಟ್ಟು ಕೊಟ್ಟು, ನಿಧಾನವಾಗಿ ಇಳಿಸುತ್ತಾ ಬನ್ನಿ.

ಬರೆದು ಉತ್ತರಿಸುವ ಪರೀಕ್ಷೆಯಾದರೆ ಪ್ರಶ್ನೆಯ ಪಕ್ಕದ ಅಂಕ ನೋಡುವುದನ್ನು ಕಲಿಸಿ. ಒಂದು ಅಂಕಕ್ಕೆ ಒಂದು ವಿಷಯ. ಎರಡಿದ್ದರೆ ಸಾಮಾನ್ಯವಾಗಿ ಎರಡು ವಿಷಯ, ಇಲ್ಲವೇ ಒಂದು ವಿಷಯ ಮತ್ತು ಅದರ ಸಾಕ್ಷಿ.

ಪುಸ್ತಕದ ಹೊರಗೆ

1988ರಲ್ಲಿ ಡೊನ್ನಾ ರೆಕ್ಟ್ ಮತ್ತು ಲಾರೆನ್ ಲೆಸ್ಲಿ 64 ವಿದ್ಯಾರ್ಥಿಗಳಿಗೆ ಬೇಸ್‌ಬಾಲ್ ಪಂದ್ಯದ ವಿವರಣೆಯೊಂದನ್ನು ಓದಿಸಿದರು. ಓದಿನಲ್ಲಿ ಹಿಂದಿದ್ದರೂ ಬೇಸ್‌ಬಾಲ್ ಚೆನ್ನಾಗಿ ಬಲ್ಲವರು, ಓದಿನಲ್ಲಿ ಮುಂದಿದ್ದು ಆಟ ಗೊತ್ತಿಲ್ಲದವರಿಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ವಿಷಯ ಗೊತ್ತಿದ್ದರೆ ಓದು ಅಷ್ಟು ಹಗುರ. ಜ್ವಾಲಾಮುಖಿ, ಜೇನುಹುಳು, ಹಡಗು, ಬಾಹ್ಯಾಕಾಶ, ಹಳೆಯ ಕಾಲದ ರಾಜರು ಹೀಗೆ ನಾಲ್ಕಾರು ದಿಕ್ಕಿನ ಓದು ಇರಲಿ. ಕನ್ನಡದಲ್ಲಿ ಓದಿದರೂ ಲೆಕ್ಕಕ್ಕೆ ಬರುತ್ತದೆ. ಜೇನುಗೂಡು ಹೇಗೆ ನಡೆಯುತ್ತದೆ ಎಂದು ಕನ್ನಡದಲ್ಲಿ ತಿಳಿದ ಮಗುವಿಗೆ ಇಂಗ್ಲಿಷ್ ಪ್ಯಾಸೇಜ್‌ನಲ್ಲಿ ಹೊಸದಾಗಿರುವುದು ಪದಗಳು ಮಾತ್ರ.

ಎತ್ತಿಟ್ಟ ಹಳೆಯ ಪ್ರಶ್ನೆಪತ್ರಿಕೆಗಳನ್ನು ಕೊನೆಯ ಎರಡು ಮೂರು ವಾರದಲ್ಲಿ ತೆಗೆಯಿರಿ. ಪೂರ್ತಿ ಪತ್ರಿಕೆ, ಪೂರ್ತಿ ಸಮಯ, ಮಧ್ಯದಲ್ಲಿ ಎದ್ದು ಹೋಗುವಂತಿಲ್ಲ. ಓಎಂಆರ್ ಹಾಳೆ ಇರುವ ಪರೀಕ್ಷೆಯಾದರೆ ಅಂಥದ್ದೇ ಹಾಳೆಯಲ್ಲಿ ವೃತ್ತ ತುಂಬಿಸಿ. ಒಂದು ಪ್ರಶ್ನೆ ಬಿಟ್ಟು ಮುಂದೆ ಹೋದಾಗ ವೃತ್ತಗಳೆಲ್ಲ ಒಂದು ಸಾಲು ಜಾರುವುದು ಸಾಮಾನ್ಯ, ಹಾಗಾಗಿ ಪ್ರತಿ ಪ್ಯಾಸೇಜ್ ಮುಗಿದಾಗ ಪ್ರಶ್ನೆ ಸಂಖ್ಯೆ ತಾಳೆ ನೋಡಲಿ. ತಪ್ಪು ಉತ್ತರಕ್ಕೆ ಅಂಕ ಕಳೆಯುತ್ತಾರೋ ಇಲ್ಲವೋ ಎಂಬುದನ್ನು ಪರೀಕ್ಷೆಯ ಸೂಚನೆಯಲ್ಲಿ ಮೊದಲೇ ಓದಿಡಿ. ಕಳೆಯದಿದ್ದರೆ ಒಂದನ್ನೂ ಖಾಲಿ ಬಿಡಬಾರದು. ಕಳೆಯುವುದಾದರೆ, ಎರಡು ಆಪ್ಷನ್‌ಗಳನ್ನಾದರೂ ಸಾಕ್ಷಿ ಸಮೇತ ತಳ್ಳಿಹಾಕಲು ಆದಾಗ ಮಾತ್ರ ಉಳಿದೆರಡರಲ್ಲಿ ಒಂದಕ್ಕೆ ಟಿಕ್ ಹಾಕಲಿ.