ವಾಹನ ಆಸ್ಪತ್ರೆ ಮುಟ್ಟುವ ಮೊದಲೇ ವಯಲ್ ಸಿದ್ಧ: ಹಾವು ಕಡಿತದ ಕೇಸುಗಳಲ್ಲಿ ನನ್ನ ಅನುಭವ

ಶಿವಮೊಗ್ಗ ಜಿಲ್ಲೆಯ ಮಲೆನಾಡು ಭಾಗದಲ್ಲಿ 108 ಆಂಬುಲೆನ್ಸಿನ ಇಎಂಟಿಯಾಗಿ (ದಾರಿಯಲ್ಲಿ ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ) ಹತ್ತು ವರ್ಷಕ್ಕೂ ಮೀರಿ ಕೆಲಸ ಮಾಡಿದ್ದೇನೆ. ಹಾವು ಕಡಿತದ ಕೇಸಿನಲ್ಲಿ ಪೈಲಟ್, ಅಂದರೆ ನಮ್ಮ ಚಾಲಕ, ಎಷ್ಟೇ ವೇಗವಾಗಿ ಓಡಿಸಿದರೂ ಉಳಿತಾಯವಾಗುವುದು ಐದಾರು ನಿಮಿಷ, ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಕಳೆದುಹೋಗುವುದು ಅರ್ಧ ಗಂಟೆ ಎಂದು ನಾನು ಹೇಳಿದಾಗ ಜೊತೆಯವರು ನಕ್ಕಿದ್ದರು. ಈಗ ನಮ್ಮ ಭಾಗದ ಮೂರ್ನಾಲ್ಕು ವಾಹನಗಳಲ್ಲಿ, ದಾರಿಯಿಂದಲೇ ಫೋನು ಮಾಡಿ ಔಷಧಿ ಸಿದ್ಧ ಮಾಡಿಸುವ ನನ್ನ ಕ್ರಮವೇ ನಡೆಯುತ್ತಿದೆ.

ಆ ಅರ್ಧ ಗಂಟೆ ಎಲ್ಲಿ ಹೋಗುತ್ತದೆಂದು ಈ ಕೆಲಸದಲ್ಲಿರುವವರಿಗೆ ಗೊತ್ತು. ರಾತ್ರಿ ಪಾಳಿಯಲ್ಲಿ ಒಬ್ಬರೇ ಸಿಸ್ಟರ್ ಇರುತ್ತಾರೆ. ಅವರು ಸ್ಟೋರಿನ ಬೀಗ ತೆಗೆಸಿ, ರಿಜಿಸ್ಟರಿನಲ್ಲಿ ಬರೆದು, ಹತ್ತು ವಯಲ್ (ಸಣ್ಣ ಔಷಧಿ ಸೀಸೆ) ಎಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಪ್ರತಿವಿಷದ ಪುಡಿಗೆ ಒಂದೊಂದಾಗಿ 10 ಮಿ.ಲೀ. ನೀರು ಸೇರಿಸಿ ಕರಗಿಸಬೇಕು. ಅವಸರಪಟ್ಟು ಕುಲುಕಿದರೆ ನೊರೆ ಬರುತ್ತದೆ. ಆದ್ದರಿಂದ ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸುತ್ತ ಕೂರುವುದನ್ನು ಬಿಟ್ಟು ಬೇರೆ ದಾರಿಯಿಲ್ಲ.

ಮೊದಮೊದಲು ನಾನು ರೋಗಿಯ ಮನೆಯಿಂದಲೇ ಫೋನು ಮಾಡಿ ಔಷಧಿ ಬೆರೆಸಿಡುವಂತೆ ಕೇಳುತ್ತಿದ್ದೆ. ಯಾರೂ ಒಪ್ಪಲಿಲ್ಲ. ಒಂದು ವಯಲ್‌ಗೆ ನೂರಾರು ರೂಪಾಯಿ. ಬೆರೆಸಿಟ್ಟ ಮೇಲೆ ಅದು ವಿಷವಿಲ್ಲದ ಹಾವು ಎಂದೋ, ಕಚ್ಚಿದರೂ ವಿಷ ಇಳಿದಿಲ್ಲ ಎಂದೋ ಗೊತ್ತಾದರೆ ಸಾವಿರಾರು ರೂಪಾಯಿಯ ಔಷಧಿಗೆ ಲೆಕ್ಕ ಕೊಡಬೇಕಾದವರು ಆ ಸಿಸ್ಟರ್. ಅವರ ಹಿಂಜರಿಕೆ ನ್ಯಾಯವಾದದ್ದೇ ಆಗಿತ್ತು. ‘ಆಂಬುಲೆನ್ಸಿನವರು ನಮಗೆ ಆರ್ಡರ್ ಮಾಡುವುದೇ’ ಎಂದು ಒಂದು ಆಸ್ಪತ್ರೆಯಿಂದ ನಮ್ಮ ಮೇಲಿನವರಿಗೆ ದೂರೂ ಹೋಯಿತು.

ಹಾಗಾಗಿ ಫೋನನ್ನು ಎರಡಾಗಿ ಒಡೆದೆ. ಮೊದಲನೆಯದು ರೋಗಿಯ ಮನೆಯಿಂದ. ಅದರಲ್ಲಿ ಹಾವಿನ ಹೆಸರು ಹೇಳುವುದಿಲ್ಲ, ಏಕೆಂದರೆ ಮನೆಯವರ ಬಾಯಲ್ಲಿ ಎಲ್ಲವೂ ನಾಗರಹಾವೇ. ವಯಸ್ಸು, ಕಚ್ಚಿದ ಹೊತ್ತು, ಕಣ್ಣಿಗೆ ಕಂಡ ಲಕ್ಷಣ, ಇಷ್ಟೇ. ಎರಡು ಲಕ್ಷಣಗಳಿದ್ದರೆ ಡ್ಯೂಟಿ ಡಾಕ್ಟರಿಗೆ ತಿಳಿಸಿ ಸಿಸ್ಟರ್ ವಯಲ್, ಸಲೈನ್, ಔಷಧಿಗೆ ಅಲರ್ಜಿಯಾದರೆ ಕೊಡುವ ಅಡ್ರಿನಾಲಿನ್ ಎಲ್ಲವನ್ನೂ ಟ್ರೇಯಲ್ಲಿ ಜೋಡಿಸಿಡುತ್ತಾರೆ, ಆದರೆ ಸೀಲು ಒಡೆಯುವುದಿಲ್ಲ. ಎರಡನೆಯ ಫೋನು ಆಸ್ಪತ್ರೆ ಹತ್ತು ನಿಮಿಷದ ದಾರಿ ಇರುವಾಗ. ಲಕ್ಷಣ ಹೆಚ್ಚಿದ್ದರೆ ಮಾತ್ರ ಡಾಕ್ಟರ್ ಹೇಳಿ ಬೆರೆಸಲು ಶುರುಮಾಡಿಸುತ್ತಾರೆ. ನಮ್ಮ ಕಾಡುದಾರಿಯಲ್ಲಿ ಸಿಗ್ನಲ್ ಸಿಗುವ ತಿರುವುಗಳು ಬೆರಳೆಣಿಕೆಯಷ್ಟು. ಅವನ್ನೆಲ್ಲ ಪಟ್ಟಿ ಮಾಡಿ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ. ಎರಡು ಕಂಪನಿಗಳ ಸಿಮ್ ಇಟ್ಟುಕೊಂಡಿದ್ದೇನೆ. ನಡುರಾತ್ರಿ ಮೊದಲ ರಿಂಗಿಗೇ ವಾರ್ಡಿನಲ್ಲಿ ಫೋನು ಎತ್ತುವ ಹಾಗೆ ಹೇಗೆ ಮಾಡಿಕೊಂಡೆ ಎಂಬುದನ್ನು ಮಾತ್ರ ಇಲ್ಲಿ ಬರೆಯಲಾರೆ, ಬರೆದರೆ ಅದು ಇನ್ನು ನಡೆಯುವುದಿಲ್ಲ.

ಇದು ಗೆದ್ದದ್ದು ಅಡಿಕೆ ತೋಟದ ಕೂಲಿ ಲೈನಿನ ಒಬ್ಬ ಹೆಂಗಸಿನ ಕೇಸಿನಲ್ಲಿ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು. ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿಸಿದ್ದರು. ಮೈಮೇಲೆ ಕಚ್ಚಿದ ಗುರುತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಎರಡೂ ರೆಪ್ಪೆ ಜೋಲುತ್ತಿದ್ದವು, ನನ್ನನ್ನು ನೋಡಲು ಅವರು ಗದ್ದ ಎತ್ತುತ್ತಿದ್ದರು. ನರಗಳಿಗೆ ವಿಷ ಏರಿಸುವ ಕಟ್ಟುಹಾವೆಂದು ನಾನು ಅನುಮಾನಿಸಿದೆ. ಉಸಿರಾಟದ ಬಲ ಎಷ್ಟಿದೆ ಎಂದು ನೋಡಲು ‘ಅಕ್ಕಾ, ಒಂದೇ ಉಸಿರಿನಲ್ಲಿ ಒಂದು ಎರಡು ಎಣಿಸಿ’ ಎಂದೆ. ಇಪ್ಪತ್ತರ ಆಸುಪಾಸಿಗೆ ಬಂದರು. ಕಾಲು ಗಂಟೆಯಲ್ಲಿ ಅದು ಹನ್ನೆರಡಕ್ಕೆ ಇಳಿಯಿತು. 108ರ ಕರೆ ಕೇಂದ್ರದ ಡಾಕ್ಟರಿಗೂ ಆಸ್ಪತ್ರೆಗೂ ನಾನು ಹೇಳಿದ್ದು ಇಳಿಯುತ್ತಿದ್ದ ಆ ಎಣಿಕೆಯನ್ನೇ, ಮತ್ತು ಎರಡನೆಯ ಫೋನಿಗೆ ಡಾಕ್ಟರನ್ನು ಒಪ್ಪಿಸಿದ್ದೂ ಅದೇ. ನಾವು ಮುಟ್ಟಿದಾಗ ಆರು ವಯಲ್ ಕರಗಿದ್ದವು. ಅಷ್ಟರಲ್ಲಿ ಎಣಿಕೆ ನಾಲ್ಕಕ್ಕೆ ಬಂದು, ನಾನು ಕೈಯಿಂದ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್ ಹಿಡಿದಾಗಿತ್ತು.

ಅಲ್ಲಿ ವೆಂಟಿಲೇಟರ್ ಇರಲಿಲ್ಲ. ನೇರವಾಗಿ ಜಿಲ್ಲಾ ಕೇಂದ್ರಕ್ಕೆ ಓಡಬೇಕಿತ್ತೆಂದು ಈಗಲೂ ವಾದಿಸುವವರಿದ್ದಾರೆ. ನನ್ನ ತೀರ್ಮಾನ ಬೇರೆ: ವಯಲ್ ಇರುವುದು ಖಚಿತವಾಗಿದ್ದರೆ ಹತ್ತಿರದಲ್ಲೇ ಮೊದಲ ಡೋಸ್ ಹತ್ತಿಸಿ, ರೋಗಿಯನ್ನು ಸ್ಟ್ರೆಚರಿನಿಂದ ಇಳಿಸದೆ, ಉಸಿರಿನ ದಾರಿ ಭದ್ರಪಡಿಸಿಕೊಂಡು, ಡ್ರಿಪ್ ಓಡುತ್ತಿರುವಾಗಲೇ ಸಿಬ್ಬಂದಿಯೊಬ್ಬರನ್ನು ಹತ್ತಿಸಿಕೊಂಡು ಮುಂದೆ ಹೋಗಬೇಕು. ನಿಮಿಷಕ್ಕೆ ಹತ್ತು ಹನ್ನೆರಡು ಬಾರಿಯಂತೆ ಒಂದೂಕಾಲು ಗಂಟೆ ಆಂಬು ಬ್ಯಾಗ್ ಒತ್ತಿ ಮಣಿಕಟ್ಟು ಊದಿಕೊಂಡಿತು. ಆಕೆ ವೆಂಟಿಲೇಟರಿನಿಂದ ಹೊರಬಂದು ಮನೆಗೆ ನಡೆದುಕೊಂಡೇ ಹೋದರು. ನಕ್ಕವರು ಆಮೇಲೆ ಸಿಗ್ನಲ್ ತಿರುವುಗಳ ಪಟ್ಟಿಯ ಜೆರಾಕ್ಸ್ ಕೇಳಿದರು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಂಡಲದ ಹಾವಿನ ಕೇಸಿನಲ್ಲಿ 20 ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಯನ್ನು ದಾರಿಯಲ್ಲೇ ಮುಗಿಸಿದರೆ ಹೇಗೆಂದು ಗಾಜಿನ ನಳಿಕೆಗಳ ಪೊಟ್ಟಣ ತಂದು, ಸ್ಪಾಂಜಿನಲ್ಲಿ ತೂತು ಕೊರೆದು, 2 ಮಿ.ಲೀ. ರಕ್ತ ಹಾಕಿ ನಿಲ್ಲಿಸಿದೆ. ನಮ್ಮ ರಸ್ತೆಯ ಗುಂಡಿಗಳಲ್ಲಿ ಅಲುಗಾಡದ ನಳಿಕೆ ಎಲ್ಲಿಂದ ಬರಬೇಕು? ಒಮ್ಮೆ ಹೆಪ್ಪುಗಟ್ಟಿಲ್ಲವೆಂದು ತೋರಿಸಿತು. ಆಸ್ಪತ್ರೆಯ ಮೇಜಿನ ಮೇಲೆ ಮತ್ತೆ ಮಾಡಿದಾಗ ಚೆನ್ನಾಗಿಯೇ ಹೆಪ್ಪುಗಟ್ಟಿತು. ಕೈಬಿಟ್ಟೆ. ನಳಿಕೆಗಳನ್ನು ವಾರ್ಡಿಗೇ ಕೊಟ್ಟೆ, ಅಲ್ಲಿ ಅವೂ ಖಾಲಿಯಾಗಿದ್ದವು.

ಇದಕ್ಕೆಲ್ಲ ಸೇರಿ ಕೈಯಿಂದ ಹೋದದ್ದು ಏಳೆಂಟು ಸಾವಿರ ಇರಬಹುದು. ಎರಡನೆಯ ಸಿಮ್ಮಿನ ರೀಚಾರ್ಜ್ ಈಗಲೂ ನನ್ನದೇ. 2024ರಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿದ ಮೇಲೆ ಯಾವ ಆಸ್ಪತ್ರೆಯಲ್ಲಿ ಎಷ್ಟು ವಯಲ್ ಇದೆ ಎಂದು ಕೇಳಿದರೆ ಯಾರೂ ಮೊದಲಿನಂತೆ ಮುಖ ಸಿಂಡರಿಸುವುದಿಲ್ಲ. ತೋಟದ ಗುಳಿಮಂಡಲ ಕಚ್ಚಿದವರಿಗೆ ಮಾತ್ರ ಈ ಎಎಸ್‌ವಿ ನಾಟುವುದಿಲ್ಲ; ಮೂತ್ರಪಿಂಡ ಕೆಡಬಹುದಾದ್ದರಿಂದ ಅಂಥ ಕೇಸುಗಳಿಗೆ ಡಯಾಲಿಸಿಸ್ ಇರುವ ಆಸ್ಪತ್ರೆಗಳ ಬೇರೆಯೇ ಪಟ್ಟಿಯೊಂದನ್ನು ಈಗ ಮಾಡುತ್ತಿದ್ದೇನೆ.