ಮಗ್ಗಿಯಿಂದ ಪ್ರೋಗ್ರಾಮಿಂಗ್ ಕಲಿಯುವ ಬಗೆ

ಪ್ರೋಗ್ರಾಮಿಂಗ್ ಕಲಿಯಹೊರಟ ಹಲವರು ಯಾವ ಭಾಷೆ ಒಳ್ಳೆಯದೆಂಬ ಚರ್ಚೆಯಲ್ಲೇ ತಿಂಗಳು ಕಳೆಯುತ್ತಾರೆ. ಗಿಡೊ ವಾನ್ ರೋಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯ ಬರವಣಿಗೆ ಸರಳವಾಗಿರುವುದರಿಂದ ಅದನ್ನೇ ಆರಿಸಿಕೊಂಡು, ಒಂದು ಪುಟ್ಟ ಪ್ರೋಗ್ರಾಮನ್ನು ಮೆಲ್ಲಮೆಲ್ಲಗೆ ಬೆಳೆಸುವುದು ಲೇಸು. ಶಾಲೆಯಲ್ಲಿ ಬಾಯಿಪಾಠ ಮಾಡಿದ ಮಗ್ಗಿ ಇದಕ್ಕೆ ಹೇಳಿ ಮಾಡಿಸಿದಂತಿದೆ; ಉತ್ತರ ಮೊದಲೇ ಗೊತ್ತಿರುವುದರಿಂದ ತಪ್ಪಾದರೆ ಕೂಡಲೇ ಕಣ್ಣಿಗೆ ಬೀಳುತ್ತದೆ.

ಪೈಥಾನ್‌ನ ಅಧಿಕೃತ ಜಾಲತಾಣದಿಂದ ಅದನ್ನು ಉಚಿತವಾಗಿ ಇಳಿಸಿಕೊಂಡು ವಿಂಡೋಸ್‌ನಲ್ಲಿ ಇನ್‌ಸ್ಟಾಲ್ ಮಾಡಿದರೆ ಐಡಲ್ (IDLE) ಎಂಬ ಎಡಿಟರ್, ಅಂದರೆ ಪ್ರೋಗ್ರಾಮ್ ಬರೆಯುವ ತಂತ್ರಾಂಶ ಕೂಡ ಜೊತೆಗೇ ಬರುತ್ತದೆ. ಅದರಲ್ಲಿ ಹೊಸ ಫೈಲ್ ತೆರೆದು, ಬರೆದು, ಸೇವ್ ಮಾಡಿ, ಎಫ್5 ಕೀಲಿ ಒತ್ತಿದರೆ ಪ್ರೋಗ್ರಾಮ್ ಓಡುತ್ತದೆ.

ಮೊದಲಿಗೆ, ಉತ್ತರವನ್ನು ಪರದೆಯ ಮೇಲೆ ತೋರಿಸುವ ಪ್ರಿಂಟ್ (print) ಆದೇಶವನ್ನು ಹತ್ತು ಸಾಲುಗಳಲ್ಲಿ ಬರೆದು, ಆವರಣದೊಳಗೆ 7 * 1, 7 * 2 ಎಂದು ಮುಂದುವರಿಸಿ. ಆದೇಶಗಳನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲೇ ಟೈಪ್ ಮಾಡಬೇಕು. ನಕ್ಷತ್ರದ ಗುರುತು ಗುಣಾಕಾರದ್ದು. ಬರೆಯುವಷ್ಟರಲ್ಲಿ ಬೇಸರ ಬರುತ್ತದೆ, ಬರಲೇಬೇಕು: ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಏಕೆ ಬೇಕೆಂಬುದು ಆ ಬೇಸರದಿಂದಲೇ ತಿಳಿಯುತ್ತದೆ.

ಈಗ ಆ 7ಕ್ಕೊಂದು ಹೆಸರಿಡಿ. ಹೀಗೆ ಬೆಲೆಯನ್ನು ಹಿಡಿದಿಡುವ ಹೆಸರಿಗೆ ವೇರಿಯಬಲ್ ಎನ್ನುತ್ತಾರೆ; ಪೈಥಾನ್ 3ರಲ್ಲಿ ಅದು ಕನ್ನಡದಲ್ಲೂ ಇರಬಹುದಾದ್ದರಿಂದ ‘ಸಂಖ್ಯೆ = 7’ ಎಂದೇ ಬರೆಯಬಹುದು. ಬಳಿಕ ‘for ಎಣಿಕೆ in range(1, 11)’ ಎಂದು ಫಾರ್ ಲೂಪ್ ಬರೆದು, ಅದರ ಸಾಲಿನ ಕೊನೆಗೆ ವಿವರಣ ಚಿಹ್ನೆ (:) ಇಟ್ಟು, ಮುಂದಿನ ಸಾಲಾದ ‘print(ಸಂಖ್ಯೆ * ಎಣಿಕೆ)’ ಎಂಬುದನ್ನು ನಾಲ್ಕು ಸ್ಪೇಸ್‌ಗಳಷ್ಟು ಒಳಕ್ಕೆ ಸರಿಸಿದರೆ ಆ ಸಾಲು ಲೂಪಿಗೆ ಸೇರಿದ್ದೆಂದು ಪೈಥಾನ್ ತಿಳಿಯುತ್ತದೆ. ಎಣಿಕೆಯ ಮಿತಿಯನ್ನು ರೇಂಜ್(1, 10) ಎಂದು ಕೊಟ್ಟರೆ ಮಗ್ಗಿ 63ಕ್ಕೇ ನಿಂತುಬಿಡುತ್ತದೆ, ಏಕೆಂದರೆ ರೇಂಜ್ ಕೊನೆಯ ಸಂಖ್ಯೆಯನ್ನು ಸೇರಿಸಿಕೊಳ್ಳುವುದಿಲ್ಲ; ಅಲ್ಲಿ 11 ಇರಬೇಕು.

ನಂತರ 7ರ ಬದಲು ಇನ್‌ಪುಟ್ (input) ಆದೇಶವನ್ನಿಟ್ಟು, ಯಾವ ಮಗ್ಗಿ ಬೇಕೆಂದು ಬಳಸುವವರನ್ನೇ ಕೇಳಿ. ಅವರು 7 ಎಂದು ಒತ್ತಿದರೆ 7, 77, 777 ಎಂಬ ವಿಚಿತ್ರ ಮಗ್ಗಿ ಮೂಡುತ್ತದೆ. ಕಂಪ್ಯೂಟರ್ ಇಲ್ಲಿ ತಪ್ಪಿಲ್ಲ: ಇನ್‌ಪುಟ್‌ನಿಂದ ಬಂದದ್ದು ಸಂಖ್ಯೆಯಲ್ಲ, ಸ್ಟ್ರಿಂಗ್, ಅಂದರೆ ಬರಿಯ ಅಕ್ಷರ; ಅಕ್ಷರವನ್ನು ಮೂರರಿಂದ ಗುಣಿಸಿದರೆ ಅದು ಮೂರು ಸಲ ಬರುತ್ತದೆ. ದೋಷದ ಸಂದೇಶವೇ ಇಲ್ಲದೆ ತಪ್ಪು ಉತ್ತರ ಬರುವ ಇಂಥ ದೋಷಗಳೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಇನ್‌ಪುಟ್ ಅನ್ನು ಇಂಟ್ (int) ಎಂಬ ಆದೇಶದ ಆವರಣದೊಳಗಿಟ್ಟರೆ ಅಕ್ಷರ ಸಂಖ್ಯೆಯಾಗುತ್ತದೆ. ಕನ್ನಡ ಅಂಕಿ ೭ ಅನ್ನು ಒತ್ತಿದರೂ ಇಂಟ್ ಅದನ್ನು ಏಳೆಂದೇ ಓದುತ್ತದೆ.

ಆದರೆ ‘ಏಳು’ ಎಂದು ಬರೆದರೆ ಪ್ರೋಗ್ರಾಮ್ ಅರ್ಧಕ್ಕೆ ನಿಂತು, ಕೆಂಪಕ್ಷರಗಳ ಹಲವು ಸಾಲು ಮೂಡುತ್ತವೆ. ಗಾಬರಿಯಾಗದೆ ಕೊನೆಯ ಸಾಲನ್ನು ಮೊದಲು ಓದಿ. ಅಲ್ಲಿ ದೋಷದ ಹೆಸರು ವ್ಯಾಲ್ಯೂಎರರ್ ಎಂದಿರುತ್ತದೆ, ಅದರ ಮೇಲೆ ಸಾಲಿನ ಸಂಖ್ಯೆ ಸಿಗುತ್ತದೆ.

ಇಷ್ಟಾದ ಮೇಲೆ ಫೈಲನ್ನು ಮುಚ್ಚಿ, ಮರುದಿನ ಹಳೆಯದನ್ನು ನೋಡದೆ ಮತ್ತೊಮ್ಮೆ ಬರೆಯಿರಿ. ಎಡವಿದ ಕಡೆ ಮಾತ್ರ ಹಿಂದಿನ ಫೈಲನ್ನು ತೆರೆದು ನೋಡಿ. ಅದು ಸಲೀಸಾದಾಗ, ಷರತ್ತು ಪರೀಕ್ಷಿಸುವ ಇಫ್ (if) ಬಳಸಿ ಸೊನ್ನೆಗಿಂತ ಕಡಿಮೆಯ ಸಂಖ್ಯೆಗಳನ್ನು ತಡೆಯಿರಿ, ಆಮೇಲೆ ಇಡೀ ಮಗ್ಗಿಯನ್ನು ಒಂದು ಫಂಕ್ಷನ್ನಿನೊಳಗೆ, ಅಂದರೆ ಬೇಕಾದಾಗ ಕರೆಯಬಹುದಾದ ಹೆಸರಿಟ್ಟ ಆದೇಶಗಳ ಗುಂಪಿನೊಳಗೆ, ಸೇರಿಸಿ, 1ರಿಂದ 20ರವರೆಗಿನ ಮಗ್ಗಿಗಳೆಲ್ಲವನ್ನೂ ಒಂದೇ ಲೂಪಿನಿಂದ ಬರೆಸಿ ನೋಡಿ.