ವಿಂಡೋಸ್ 98 ಮತ್ತು 11ರ ನಡುವೆ ಒಂದು ರಾಸ್ಪ್‌ಬೆರಿ ಪೈ

ನಮ್ಮ ಡಿಟಿಪಿ ಅಂಗಡಿಯಲ್ಲಿ ವಿಂಡೋಸ್ 98 ಕಂಪ್ಯೂಟರ್ ಇನ್ನೂ ದುಡಿಯುತ್ತಿದೆ. ಪುಟ ಜೋಡಿಸುವ ಪೇಜ್‌ಮೇಕರ್‌ನ ಹಳೆಯ ಕಡತಗಳಲ್ಲಿರುವ ಕನ್ನಡ, ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತಕ್ಕೆ ಮುಂಚಿನದು. ಆ ಕನ್ನಡವನ್ನು ಮೂಡಿಸುವ ಲಿಪಿ ತಂತ್ರಾಂಶ ತೆರೆಯಬೇಕಾದರೆ ಪ್ರಿಂಟರ್ ಪೋರ್ಟ್‌ನಲ್ಲಿ ಡಾಂಗಲ್ (ಪರವಾನಗಿಯ ಬೀಗದಂಥ ಪುಟ್ಟ ಸಾಧನ) ಇರಲೇಬೇಕು. ಹೊಸ ಯಂತ್ರದಲ್ಲಿ ಆ ಪೋರ್ಟೇ ಇಲ್ಲ. ಹಾಗಾಗಿ ಪುಟ ತಿದ್ದುವುದು ಹಳೆಯದರಲ್ಲಿ, ಪ್ರೆಸ್ಸಿಗೆ ಕಳಿಸುವುದು ವಿಂಡೋಸ್ 11ರಿಂದ.

ಎರಡರ ನಡುವೆ ಕಡತ ಓಡಾಡಬೇಕು. ಜಾಲದಲ್ಲಿ ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಭಾಷೆ ಎಸ್‌ಎಂಬಿ; 98ಕ್ಕೆ ಗೊತ್ತಿರುವುದು ಅದರ ಹಳೆಯ ಆವೃತ್ತಿಯಾದ ಎಸ್‌ಎಂಬಿ 1 ಮಾತ್ರ. 2017ರ ಮೇ ತಿಂಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಕುತಂತ್ರಾಂಶ ನುಗ್ಗಿದ್ದು ಅದರಲ್ಲಿದ್ದ ದೋಷದ ಮೂಲಕವೇ. ಈಗಿನ ವಿಂಡೋಸ್‌ನಲ್ಲಿ ಅದು ತಾನಾಗಿ ಬರುವುದಿಲ್ಲ, ಟಿಕ್ ಹಾಕಿ ಎಬ್ಬಿಸಬಹುದು ಅಷ್ಟೆ. ಗ್ರಾಹಕರ ಕಡತಗಳೂ ಬ್ಯಾಂಕ್ ಲೆಕ್ಕವೂ ಇರುವ ಯಂತ್ರದಲ್ಲಿ ಆ ಟಿಕ್ ಹಾಕಲು ನನಗೆ ಮನಸ್ಸಾಗಲಿಲ್ಲ.

ಅದರ ಬದಲು ನಡುವೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಲಿನಕ್ಸ್ ಕಂಪ್ಯೂಟರ್ ಇಟ್ಟು, ಎಸ್‌ಎಂಬಿಯಲ್ಲಿ ಕಡತ ಹಂಚುವ ಸಾಂಬಾ ತಂತ್ರಾಂಶ ಹಾಕಿದೆ. ಪೈಯಲ್ಲಿರುವ ಒಂದೇ ಫೋಲ್ಡರನ್ನು ವಿಂಡೋಸ್ 11 ಎಸ್‌ಎಂಬಿ 3ರಲ್ಲಿ ತೆರೆಯುತ್ತದೆ, 98 ಎಸ್‌ಎಂಬಿ 1ರಲ್ಲಿ. ಪೈ ಇಬ್ಬರಿಗೂ ದುಭಾಷಿ. ಸಾಂಬಾ ಕೂಡ 4.11ನೇ ಆವೃತ್ತಿಯಿಂದ ಎಸ್‌ಎಂಬಿ 1ನ್ನು ಮುಚ್ಚಿಟ್ಟಿದೆ. ಆದ್ದರಿಂದ ಅದರ ಸೆಟ್ಟಿಂಗ್ ಕಡತದಲ್ಲಿ ಕನಿಷ್ಠ ಪ್ರೊಟೊಕಾಲನ್ನು ಎನ್‌ಟಿ1ಕ್ಕೆ (ಎಸ್‌ಎಂಬಿ 1ಕ್ಕೆ ಅಲ್ಲಿರುವ ಹೆಸರು) ಇಳಿಸಿ, ಲ್ಯಾನ್‌ಮ್ಯಾನ್ ಮತ್ತು ಎನ್‌ಟಿಎಲ್‌ಎಂ ಎಂಬ ಹಳೆಯ ಪಾಸ್‌ವರ್ಡ್ ದೃಢೀಕರಣ ಎರಡಕ್ಕೂ ‘ಯೆಸ್’ ಬರೆಯಬೇಕು. ಆಮೇಲೆ ಸಾಂಬಾಕ್ಕೆ ಪಾಸ್‌ವರ್ಡನ್ನು ಮತ್ತೊಮ್ಮೆ ಕೊಡುವುದು ಕಡ್ಡಾಯ. 98ಕ್ಕೆ ಬೇಕಾದ ಹಳೆಯ ಬಗೆಯ ಹ್ಯಾಶ್ (ಪಾಸ್‌ವರ್ಡಿನ ಗುಪ್ತರೂಪ) ದಾಖಲಾಗುವುದು ಆಗಲೇ. ಪಾಸ್‌ವರ್ಡ್ 14 ಅಕ್ಷರ ಮೀರಬಾರದು.

ಹೆಚ್ಚಿನವರು ತಲೆ ಕೆರೆದುಕೊಳ್ಳುವುದು ಮುಂದಿನ ಘಟ್ಟದಲ್ಲಿ. 98ರ ನೆಟ್‌ವರ್ಕ್ ನೈಬರ್‌ಹುಡ್‌ನಲ್ಲಿ ಪೈ ಕಾಣುತ್ತದೆ, ಕ್ಲಿಕ್ ಮಾಡಿದರೆ ‘ಐಪಿಸಿ ಡಾಲರ್’ (IPC$) ಎಂಬ ಒಳ ಸಂಪರ್ಕಕ್ಕೆ ಪಾಸ್‌ವರ್ಡ್ ಕೇಳುತ್ತದೆ, ಏನು ಕೊಟ್ಟರೂ ಒಪ್ಪುವುದಿಲ್ಲ. ಬಳಕೆದಾರನ ಹೆಸರು ಬರೆಯಲು ಅಲ್ಲಿ ಜಾಗವೇ ಇಲ್ಲ! ವಿಂಡೋಸ್ ಶುರುವಾಗುವಾಗ ಕೊಟ್ಟ ಹೆಸರನ್ನೇ 98 ಕಳಿಸುತ್ತದೆ. ಅದೇ ಹೆಸರು, ಅದೇ ಪಾಸ್‌ವರ್ಡಿನ ಖಾತೆಯನ್ನು ಪೈಯಲ್ಲಿ ತೆರೆದು, ಲಾಗಿನ್ ಪರದೆಯಲ್ಲಿ ಎಸ್ಕೇಪ್ ಒತ್ತಿ ದಾಟುವ ಚಾಳಿ ಬಿಟ್ಟರೆ ಆ ಪ್ರಶ್ನೆ ಮತ್ತೆ ಬರುವುದಿಲ್ಲ.

ಹಂಚುವ ಫೋಲ್ಡರಿನ ಹೆಸರು 12 ಅಕ್ಷರದೊಳಗಿರಲಿ, ಇಲ್ಲವಾದರೆ 98ಕ್ಕೆ ಅದು ಕಾಣುವುದೇ ಇಲ್ಲ. ಕಡತಗಳಿಗೆ ಇಂಗ್ಲಿಷ್ ಅಕ್ಷರದ ಹೆಸರಿಡಿ. ‘ಆಮಂತ್ರಣ’ ಎಂದು ಕನ್ನಡದಲ್ಲಿ ಇಟ್ಟರೆ ಆ ಕಡೆ ಗುರುತೇ ಸಿಗುವುದಿಲ್ಲ.

98ರ ಗೇಟ್‌ವೇ (ಹೊರಜಾಲದ ದಾರಿ ತೋರುವ ವಿಳಾಸ) ಖಾಲಿ ಬಿಟ್ಟಿದ್ದೇನೆ, ಅಂತರಜಾಲ ಅದಕ್ಕೆ ಬೇಕಿಲ್ಲ. ಸಾಂಬಾಕ್ಕೂ ಈ ಎರಡು ಯಂತ್ರಗಳ ವಿಳಾಸ ಬಿಟ್ಟು ಬೇರೆಯವರಿಗೆ ಬಾಗಿಲು ತೆರೆಯಬೇಡ ಎಂದು ಹೇಳಿದ್ದೇನೆ. ಪೈಯಲ್ಲಿ ಯಾವುದನ್ನೂ ಕಾಯಂ ಇಡುವುದಿಲ್ಲ. ಅಂಗಡಿ ಮುಚ್ಚುವ ಮೊದಲು ವಿಂಡೋಸ್ 11 ಎಲ್ಲವನ್ನೂ ಎಳೆದುಕೊಂಡು ಫೋಲ್ಡರನ್ನು ಬರಿದು ಮಾಡುತ್ತದೆ.